ಕಿವಿ ಇರುವ ಡಬ್ಬಿ

ಮಾರ್ಚ್ ೩, ಸೋಮವಾರ

ಅಂತೂ ಇಂಜಿನ್ ಕಾರಿನೊಳಗೆ ಕೂತಿತು. ಸರಪಳಿಗೆ ನೇತುಬಿದ್ದು ಅದು ಇಂಚಿಂಚಾಗಿ ಇಳಿಯುತ್ತಿದ್ದಷ್ಟು ಹೊತ್ತೂ ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ಸರಪಳಿ ಹೊಸದು, ಹಳೆಯದಕ್ಕಿಂತ ದಪ್ಪ. ಆದರೆ ಹೊಸದು ಎಂದ ಮಾತ್ರಕ್ಕೆ ನಂಬಿಬಿಡಬೇಕೆಂದೇನೂ ಇಲ್ಲ.

ಇನ್ನು ಡಬ್ಬಿಯ ಚಿಂತೆ. ಇಂಜಿನ್ ನಡೆಸುವ ಕಂಪ್ಯೂಟರನ್ನು ನಮ್ಮ ಗ್ಯಾರೇಜಿನಲ್ಲಿ ಡಬ್ಬಿ ಅಂತಲೇ ಕರೆಯುವುದು. ಎಷ್ಟು ಪೆಟ್ರೋಲ್ ಬಿಡಬೇಕು, ಯಾವ ಗಳಿಗೆಯಲ್ಲಿ ಕಿಡಿ ಹಚ್ಚಬೇಕು, ಎಲ್ಲಾ ಅದರ ಕೈಯಲ್ಲಿ. ಕಾರಿನ ಜೊತೆಗೇ ಬಂದ ಡಬ್ಬಿಗೆ ಗೊತ್ತಿರುವುದು ಹಳೇ ಇಂಜಿನ್. ನಾವೋ ಅದಕ್ಕೆ ಗಾಳಿ ಒತ್ತಿ ತುಂಬುವ ಟರ್ಬೊ ಕೂರಿಸಿ, ಪಿಸ್ಟನ್ ಬದಲಾಯಿಸಿ, ಬೇರೆ ಪ್ರಾಣಿಯನ್ನೇ ಮಾಡಿಟ್ಟಿದ್ದೇವೆ. ಇನ್ನು ಮೇಲೆ ಕಿಡಿ ಕೂದಲೆಳೆಯಷ್ಟು ಬೇಗ ಬಿದ್ದರೂ ಇಂಜಿನ್ ಒಳಗೊಳಗೇ ಕುಟ್ಟತೊಡಗುತ್ತದೆ. ಸ್ಟೀಲ್ ಲೋಟದಲ್ಲಿ ಗೋಲಿ ಅಲ್ಲಾಡಿಸಿದಂಥ ಸದ್ದು. ಅದನ್ನು ಕೇಳಿಸಿಕೊಂಡು ತಕ್ಷಣ ಕಿಡಿಯನ್ನು ಹಿಂದಕ್ಕೆ ಹಾಕಿದರೆ, ಅಂದರೆ ತುಸು ತಡ ಮಾಡಿದರೆ ಸರಿ, ಇಲ್ಲದಿದ್ದರೆ ಪಿಸ್ಟನ್ ತೂತು.

ಕೇಳಿಸಿಕೊಳ್ಳುವುದರಲ್ಲಿ ನಮ್ಮಣ್ಣನದು ದೊಡ್ಡ ಹೆಸರು. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ "ಮೂರನೇದು" ಎನ್ನುತ್ತಾನೆ. ಬಿಚ್ಚಿ ನೋಡಿದರೆ ಕೆಟ್ಟಿರುವುದು ಮೂರನೆಯ ಪಿಸ್ಟನ್ನೇ. ವೈರಿಂಗ್ ಕೆಲಸವೆಲ್ಲ ನನ್ನದು. ಆದರೆ ಜನ ಬರುವುದು ನನ್ನ ವೈರುಗಳನ್ನು ನೋಡಲಿಕ್ಕಲ್ಲ, ಅಣ್ಣನ ಕಿವಿಯನ್ನು ಹುಡುಕಿಕೊಂಡು.

ಈ ಕಾರು ಗಿರಾಕಿಗಳದ್ದಲ್ಲ, ನಮ್ಮದೇ. ಏಪ್ರಿಲ್ ಆರಕ್ಕೆ ಗುಡ್ಡದ ರಸ್ತೆಯಲ್ಲಿ ರೇಸು. ಓಡಿಸುವವಳು ಅಣ್ಣನ ಮಗಳು. ಅವಳ ನಾಲಿಗೆಗೂ ಕಾಲಿಗೂ ಬ್ರೇಕಿಲ್ಲವಾದ್ದರಿಂದ ಚಿಕ್ಕಂದಿನಿಂದ ಪಟಾಕಿ ಎಂದೇ ಕರೆಯುತ್ತೇವೆ. ಗುಡ್ಡದ ತಿರುವಿನಲ್ಲಿ ಪಿಸ್ಟನ್ ಒಡೆದು, ಎಣ್ಣೆ ಟೈರಿನ ಕೆಳಗೆ ಚೆಲ್ಲಿದರೆ ಏನಾಗುತ್ತದೆ ಎಂದು ಯೋಚಿಸಬಾರದೆಂದು ತೀರ್ಮಾನಿಸಿದ್ದೇನೆ. ಬೆಳಿಗ್ಗೆಯಿಂದ ಅದನ್ನೇ ಯೋಚಿಸುತ್ತಿದ್ದೇನೆ.

ಸಂಜೆ ಶಟರ್ ಎಳೆದು, ಬೀಗ ಹಾಕಿ, ಅರ್ಧ ದಾರಿ ಬಂದವಳು ವಾಪಸ್ ಹೋಗಿ ಬೀಗ ಎಳೆದು ನೋಡಿದೆ. ಹಾಕಿತ್ತು. ನಮ್ಮ ಮನೆಯವರು ಬಾಗಿಲಲ್ಲೇ ಕೇಳಿದರು, "ಏನು, ಗಾಬರಿ ಇಲಾಖೆ ಇವತ್ತೂ ಓವರ್‌ಟೈಮಾ?" ನಾನು ಗಾಬರಿ ಬೀಳುವವಳಲ್ಲ. ಮುಂದಾಲೋಚನೆ ಇರುವವಳು. ಇವರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಮಾರ್ಚ್ ೪, ಮಂಗಳವಾರ

ಬೆಳಿಗ್ಗೆ ಗ್ಯಾರೇಜಿಗೆ ಹೋದರೆ ಕಂಪ್ರೆಸರಿನ ಪೈಪು ಬಿಟ್ಟುಕೊಂಡು ಉಸ್ಸೆಂದು ಗಾಳಿ ಹೋಗುತ್ತಿತ್ತು. ಬೀದಿಗೆ ಕೇಳುವಷ್ಟು ಜೋರಾಗಿ. ಅಣ್ಣ ಅದರ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಆರಾಮಾಗಿ ಬೋಲ್ಟ್ ಒರೆಸುತ್ತಿದ್ದ.

"ಅಣ್ಣ, ಪೈಪು ಬಿಟ್ಕೊಂಡಿದೆ ನೋಡು."

ತಲೆ ಎತ್ತಲಿಲ್ಲ. ಎದುರಿಗೆ ಹೋಗಿ ನಿಂತೆ. ನನ್ನ ಮುಖ ನೋಡಿದ, ನಾನು ನೋಡುತ್ತಿದ್ದ ಕಡೆ ನೋಡಿದ, ಎದ್ದು ವಾಲ್ವ್ ತಿರುಗಿಸಿದ.

"ಗೊತ್ತು ಗೊತ್ತು. ಇದೊಂದು ಬೋಲ್ಟ್ ಮುಗಿಸಿ ಮಾಡೋಣ ಅಂತಿದ್ದೆ."

ಆಮೇಲೆ ಒಂದೊಂದಾಗಿ ನೆನಪಾಗತೊಡಗಿತು. ಫೋನು ಬಡಿದುಕೊಳ್ಳುತ್ತಿದ್ದರೂ ತೆಗೆಯದೆ "ಯಾರೋ ಸಾಲ ಕೊಡೋ ಕಂಪನಿಯವ್ರು ಬಿಡು" ಎನ್ನುವುದು. ಗಿರಾಕಿಗಳನ್ನು ಬೆಳಕಿಗೆ ಬನ್ನಿ, ಬೆಳಕಿಗೆ ಬನ್ನಿ ಎಂದು ಎದುರಿಗೇ ನಿಲ್ಲಿಸಿಕೊಳ್ಳುವುದು. ಯಾವ ಇಂಜಿನ್ ಚಾಲೂ ಮಾಡಿದರೂ ನನ್ನನ್ನು ಕರೆದು "ನೀನು ಆ ಕಡೆ ನಿಂತ್ಕೋ, ನನ್ನೆದುರಿಗೆ" ಎನ್ನುವುದು. ನನ್ನ ಮೇಲಿನ ಪ್ರೀತಿ ಎಂದುಕೊಂಡಿದ್ದೆ ಅದನ್ನು.

ಅಣ್ಣನಿಗೆ ಕಿವಿ ಕೇಳಿಸುತ್ತಿಲ್ಲವೇ? ಬರೆದೇಬಿಟ್ಟೆ.

ಮಾರ್ಚ್ ೫, ಬುಧವಾರ

ಇರಲಾರದು. ಇಂದು ನಾನು ಚಮಚ ಬೀಳಿಸಿದಾಗ ತಿರುಗಿ ನೋಡಿದ. ಚಮಚವನ್ನು ಬೇಕಂತಲೇ ಬೀಳಿಸಿದ್ದೆ.

ಆದರೆ ನೆಲ ಅದುರಿದ್ದಕ್ಕೂ ತಿರುಗಿರಬಹುದಲ್ಲ.

ಮಾರ್ಚ್ ೮, ಶನಿವಾರ

ಡಬ್ಬಿ ನೋಡಲು ಹೋಗಿದ್ದೆವು. ಮಾರುವವರು ಊರಾಚೆ ಒಂದು ಉದ್ದನೆಯ ಶೆಡ್ಡಿನಲ್ಲಿದ್ದಾರೆ. ನೆಲದೊಳಗೆ ಎರಡು ದೊಡ್ಡ ರೋಲರುಗಳಿವೆ. ಕಾರಿನ ಚಕ್ರವನ್ನು ಅದರ ಮೇಲೆ ನಿಲ್ಲಿಸಿ ಓಡಿಸಿದರೆ ಕಾರು ನಿಂತಲ್ಲೇ ಓಡುತ್ತದೆ, ಎಷ್ಟು ಶಕ್ತಿ ಬಂತೆಂದು ಪರದೆಯ ಮೇಲೆ ಗೆರೆ ಏರುತ್ತದೆ. ಊಟ ಮಾಡುವಾಗಲೂ ಅವರ ತೊಡೆಯ ಮೇಲೆ ಲ್ಯಾಪ್‌ಟಾಪ್ ಇರುವುದರಿಂದ ಪಟಾಕಿ ಅವರಿಗೆ ಲ್ಯಾಪ್‌ಟಾಪ್ ಸಾಹೇಬ್ರು ಎಂದು ಹೆಸರಿಟ್ಟಿದ್ದಾಳೆ.

ಸಾಹೇಬರು ಮೇಜಿನ ಮೇಲೆ ಮೂರು ಡಬ್ಬಿ ಇಟ್ಟರು. ಒಂದು ನಮ್ಮದೇ ಹಳೇ ಡಬ್ಬಿ. ಅದರೊಳಗಿನ ಲೆಕ್ಕಾಚಾರವನ್ನು ತಿದ್ದಿ ಕೊಡುತ್ತಾರಂತೆ, ಆದರೆ ಟರ್ಬೊ ತಳ್ಳುವ ಗಾಳಿಯನ್ನು ಅಳೆಯುವುದು ಅದಕ್ಕೆ ಬಾರದು. ಅದನ್ನು ಅಲ್ಲೇ ಬಿಟ್ಟೆವು. ಎರಡನೆಯದು ಸಾದಾ. ನಾವು ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತದೆ, ತನ್ನ ಬುದ್ಧಿ ಓಡಿಸುವುದಿಲ್ಲ. ಮೂರನೆಯದಕ್ಕೆ ಕಿವಿ ಇದೆ. ಇಂಜಿನ್ನಿನ ಮೈಗೆ ಹೆಬ್ಬೆರಳು ಗಾತ್ರದ ಒಂದು ಸೆನ್ಸರ್ ಬಿಗಿಯಬೇಕು. ಇಂಜಿನ್ ಕುಟ್ಟಿದರೆ ಅದು ಕೇಳಿಸಿಕೊಂಡು ಡಬ್ಬಿಗೆ ಹೇಳುತ್ತದೆ, ಡಬ್ಬಿ ತಾನೇ ಕಿಡಿಯನ್ನು ಹಿಂದಕ್ಕೆ ಹಾಕುತ್ತದೆ.

ನನ್ನ ಎದೆ ಹಗುರಾಯಿತು. "ಇದೇ ಇರ್ಲಿ ಅಣ್ಣ" ಎಂದೆ.

ಅಣ್ಣ ಆ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ ಮೇಜಿನ ಮೇಲಿಟ್ಟ. "ಕಿವಿ ಇಲ್ಲದೋರಿಗೆ ಇದು. ನಂಗ್ಯಾಕೆ?"

ಸಾಹೇಬರು ನಕ್ಕರು. "ನಿಮ್ಮ ಕಿವಿ ಮುಂದೆ ಇದೆಲ್ಲ ಆಟದ ಸಾಮಾನು ಬಿಡಿ."

ನಾನು ಏನಾದರೂ ಹೇಳಬೇಕಿತ್ತು. ಏನೆಂದು ಹೇಳುವುದು? ಹೊರಗಿನವರ ಎದುರಿಗೆ, ನಿನಗೆ ಕೇಳಿಸುವುದಿಲ್ಲವಲ್ಲ ಅಣ್ಣ ಎಂದೇ? ಸಾದಾ ಡಬ್ಬಿಯನ್ನು ಪರೀಕ್ಷೆಗೆಂದು ತೆಗೆದುಕೊಂಡು ಬಂದೆವು. ಸರಿಹೋಗದಿದ್ದರೆ ಬದಲಾಯಿಸಿಕೊಡುತ್ತಾರೆ.

ಹೇಳಿದರೆ ಅಣ್ಣ ಮುರಿದುಹೋಗುತ್ತಾನೆ. ಕಿವಿ ಹೋದರೆ ಇಂಜಿನ್ ಪಕ್ಕ ತನಗೆ ಜಾಗವೇ ಇಲ್ಲ ಎಂದುಕೊಳ್ಳುವ ಜಾತಿ ಅವನು. ಹೇಳದಿದ್ದರೆ ಇಂಜಿನ್ ಮುರಿಯುತ್ತದೆ, ಅದರೊಳಗೆ ಪಟಾಕಿ ಕೂತಿರುತ್ತಾಳೆ. ಬೇರೆಯವರ ಮನೆಯಲ್ಲಿ ಇಂಥ ಕಷ್ಟ ಇರುತ್ತದೆಯೇ ಎಂದು ಮನೆಯವರನ್ನು ಕೇಳಬೇಕೆನ್ನಿಸಿತು. ಕೇಳಲಿಲ್ಲ.

ಮಾರ್ಚ್ ೧೩, ಗುರುವಾರ

ವೈರಿಂಗ್ ಮುಗಿಯಿತು. ಎರಡು ಸಲ ಪರೀಕ್ಷೆ ಮಾಡಿದೆ. ಮೂರನೆಯ ಸಲಕ್ಕೆ ಕೈ ಹಾಕಿದಾಗ ಪಟಾಕಿ ಬಂದಳು.

"ಅತ್ತೆ, ವೈರುಗಳಿಗೂ ಸ್ವಲ್ಪ ಮರ್ಯಾದೆ ಕೊಡು. ಸಿಕ್ಕಿಬಿದ್ದ ಕಳ್ಳರ ಥರ ವಿಚಾರಿಸ್ತೀಯಲ್ಲ."

"ಓಡಿಸೋಳು ನೀನು. ಅದಕ್ಕೇ."

"ನಾನು ಓಡಿಸ್ತೀನಿ ಸರಿ. ಮುಖ ಯಾಕೆ ನಾನು ಸತ್ತೇಹೋದ ಹಾಗೆ ಇಟ್ಕೊಂಡಿದೀಯ?"

ಬಿಡ್ತು ಅನ್ನು ಎಂದು ಬೈದೆ. ಅವಳ ಬಾಯಿಗೆ ನಿಜಕ್ಕೂ ಬ್ರೇಕಿಲ್ಲ.

ಮಾರ್ಚ್ ೧೭, ಸೋಮವಾರ

ಮೊದಲ ಸಲ ರೋಲರಿನ ಮೇಲೆ. ಸಾಹೇಬರು ಲ್ಯಾಪ್‌ಟಾಪ್ ಸಮೇತ ಕಾರಿನೊಳಗೆ ಕೂತು ಗಾಜು ಏರಿಸಿಕೊಂಡರು. ಬಾನೆಟ್ ತೆರೆದಿತ್ತು. ಒಂದು ಕಡೆ ಅಣ್ಣ, ಎದುರಿಗೆ ನಾನು. ಅಣ್ಣ ಕೈಯನ್ನು ಮುಂದಕ್ಕೆ ತಳ್ಳಿದರೆ ಸಾಹೇಬರು ಕಿಡಿಯನ್ನು ಬೇಗ ಮಾಡಬೇಕು, ಹಿಂದಕ್ಕೆ ಎಳೆದರೆ ತಡ ಮಾಡಬೇಕು.

ಇಂಜಿನ್ ಕೂಗತೊಡಗಿತು. ಅಣ್ಣ ಮುಂದಕ್ಕೆ ಎಂದ. ಮರುಗಳಿಗೆ ಹಿಂದಕ್ಕೆ. ಮತ್ತೆ ಹಿಂದಕ್ಕೆ. ಮತ್ತೂ ಹಿಂದಕ್ಕೆ. ನನಗೆ ಕುಟ್ಟಿದ ಸದ್ದು ಒಂದು ಸಲವೂ ಕೇಳಲಿಲ್ಲ, ಅಣ್ಣನಿಗೆ ಮಾತ್ರ ಕೇಳಿಸುತ್ತಲೇ ಇತ್ತು. ಕೊನೆಗೆ ಪರದೆಯ ಗೆರೆ ಮೇಲೇಳಲೇ ಇಲ್ಲ. ಟರ್ಬೊ ಇಲ್ಲದ ಕಾಲದಲ್ಲಿ ಎಷ್ಟಿತ್ತೋ ಅಷ್ಟೇ. ಅದರ ಮೇಲೆ, ಹೊಗೆ ಹೋಗುವ ಪೈಪು ಒಲೆಯ ಕೆಂಡದಂತೆ ಕೆಂಪಾಯಿತು. ಕಿಡಿ ತೀರಾ ತಡವಾದರೆ ಹಾಗೇ ಆಗುವುದು. ಇಂಜಿನ್ನಿನಲ್ಲಿ ಉರಿಯಬೇಕಾದದ್ದು ಪೈಪಿಗೆ ಬಂದು ಉರಿಯುತ್ತದೆ.

"ಡಬ್ಬಿ ಸರಿ ಇಲ್ಲ" ಎಂದ ಅಣ್ಣ.

ಸಾಹೇಬರು ತಲೆ ಕೆರೆದುಕೊಂಡರು. "ಇಷ್ಟು ಹಿಂದಕ್ಕೆ ಇಟ್ರೂ ಕುಟ್ಟತ್ತೆ ಅಂದ್ರೆ ಆಶ್ಚರ್ಯ. ನಿಮ್ಗೆ ಕೇಳಿಸ್ತು ಅಂದ್ಮೇಲೆ ಇರ್ಬೇಕು."

ಮನೆಗೆ ಬರುವ ದಾರಿಯಲ್ಲಿ ನನಗೆ ಒಮ್ಮೆಲೇ ಹೊಳೆಯಿತು. ನನಗೆ ಕೇಳಿಸದೇ ಇದ್ದದ್ದು ಅಣ್ಣನಿಗೆ ಕೇಳಿಸಿದೆ. ಅಂದರೆ ಅಣ್ಣನ ಕಿವಿ ಗಟ್ಟಿಯಾಗಿದೆ! ಕೆಟ್ಟಿರುವುದು ನನ್ನದು! ಇಷ್ಟು ದಿನ ಸುಮ್ಮನೆ ಅವನ ಮೇಲೆ ಅನುಮಾನಪಟ್ಟೆ. ಖುಷಿಯಿಂದ ಎರಡು ಲೋಟ ಟೀ ಕುಡಿದೆ.

ಮಾರ್ಚ್ ೧೯, ಬುಧವಾರ

ಕಿವಿಯ ಡಾಕ್ಟರಮ್ಮನ ಹತ್ತಿರ ಹೋಗಿ ಬಂದೆ. ದಪ್ಪ ಗೋಡೆಯ ಪುಟ್ಟ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದರು. ಸದ್ದು ಕೇಳಿದಾಗ ಕೈ ಎತ್ತಬೇಕು. ಎತ್ತಿದೆ. ಕೇಳಿಸಿತೋ ಇಲ್ಲವೋ ಎನ್ನುವಂಥದ್ದಕ್ಕೂ ಎತ್ತಿದೆ. ಎಲ್ಲಾ ಸರಿಯಂತೆ.

"ನಿಮ್ಮ ವಯಸ್ಸಿಗೆ ಇಷ್ಟು ಚೆನ್ನಾಗಿರೋ ಕಿವಿ ನಾನು ಅಪರೂಪಕ್ಕೆ ನೋಡೋದು" ಎಂದವರು ನನ್ನನ್ನೇ ನೋಡಿ ಗಾಬರಿಯಾದರು. "ಯಾಕ್ರೀ, ಒಳ್ಳೇ ಸುದ್ದಿ ತಾನೇ ಹೇಳಿದ್ದು?"

ಒಳ್ಳೇ ಸುದ್ದಿ ಅವರಿಗೆ. ನನ್ನ ಕಿವಿ ಸರಿ ಇದ್ದರೆ ಇಂಜಿನ್ ಕುಟ್ಟಿಲ್ಲ. ಕುಟ್ಟದಿದ್ದರೆ ಅಣ್ಣ ಕೇಳಿಸಿಕೊಂಡದ್ದೇನು?

ಮನೆಯವರಿಗೆ ಡಾಕ್ಟರಮ್ಮನ ಮಾತು ಹೇಳಿದರೆ ಬಿದ್ದು ಬಿದ್ದು ನಕ್ಕರು. "ಅವ್ರದ್ದೇನು ತಪ್ಪು? ನಿನ್ನ ಮುಖ ನೋಡಿದ್ರೆ ಮನೆಗೆ ಬೆಂಕಿ ಬಿದ್ದಿದೆ ಅನ್ಸತ್ತೆ. ವಿಚಾರಿಸಿದ್ರೆ ಹಾಲು ಉಕ್ಕಿರತ್ತೆ, ಅಷ್ಟೇ."

ನಗು ಬರಲಿಲ್ಲ.

ಮಾರ್ಚ್ ೨೨, ಶನಿವಾರ

ಎರಡನೆಯ ಸಲ ರೋಲರಿನ ಮೇಲೆ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಇಂಜಿನ್ ಇನ್ನೂ ಮೆಲ್ಲಗೆ ಓಡುತ್ತಿತ್ತು, ಜೋರು ಮಾಡಿರಲಿಲ್ಲ. ಆ ಓಟದಲ್ಲಿ ಯಾವ ಇಂಜಿನ್ನೂ ಕುಟ್ಟುವುದಿಲ್ಲ. ಅಣ್ಣ ಎಂದಿನಂತೆ ಎದುರಿಗೆ ನಿಂತು ನನ್ನನ್ನೇ ನೋಡುತ್ತಿದ್ದ. ಅಷ್ಟರಲ್ಲಿ ನನ್ನ ಫೋನಿಗೆ ಮನೆಯವರ ಮೆಸೇಜು ಬಂತು: "ಬಾಗಿಲು ಹಾರು ಹೊಡೆದಿದೆ, ಬೀಗ ನಿನ್ನ ಜೊತೆ ಗ್ಯಾರೇಜಿಗೆ ಹೋಯ್ತಾ?" ಓದಿ ನನ್ನ ಹುಬ್ಬು ಗಂಟಿಕ್ಕಿತು. ಅದೇ ಗಳಿಗೆಯಲ್ಲಿ ಅಣ್ಣನ ಕೈ ಹಿಂದಕ್ಕೆ ಹೋಯಿತು. ಕಿಡಿ ತಡ ಮಾಡಿ!

ಫೋನನ್ನು ಜೇಬಿಗೆ ಹಾಕಿದೆ. ಸುಮ್ಮನೆ ನಿಂತೆ. ಅಣ್ಣನೂ ಸುಮ್ಮನಾದ. ಆಮೇಲೆ ಬೇಕೆಂದೇ, ಏನೂ ಇಲ್ಲದಿದ್ದರೂ, ಹುಬ್ಬು ಗಂಟಿಕ್ಕಿದೆ.

ಅವನ ಕೈ ಮತ್ತೆ ಹಿಂದಕ್ಕೆ ಹೋಯಿತು.

ಅಣ್ಣ ಇಂಜಿನ್ನನ್ನು ಕೇಳುತ್ತಿಲ್ಲ. ನನ್ನ ಮುಖವನ್ನು ಓದುತ್ತಿದ್ದಾನೆ. ನನಗೆ ಕುಟ್ಟುವ ಸದ್ದು ಕೇಳಿಸಿದರೆ ಮುಖದಲ್ಲಿ ಕಾಣುತ್ತದೆ ಎಂಬ ಭರವಸೆ ಮೇಲೆ ಎದುರಿಗೆ ನಿಲ್ಲಿಸಿಕೊಂಡಿದ್ದಾನೆ. ನಾನೋ ಬಾನೆಟ್ ತೆರೆದಾಗಿನಿಂದ ಮುಚ್ಚುವವರೆಗೆ ಏನು ಕಾದಿದೆಯೋ ಎಂದು ಮುಖ ಕಿವುಚಿಕೊಂಡೇ ನಿಂತಿರುತ್ತೇನೆ. ನಾನು ಮುಖ ಕಿವುಚಿದಾಗಲೆಲ್ಲ ಅವನು ಒಂದೊಂದು ಸಲ ಕಿಡಿಯನ್ನು ಹಿಂದಕ್ಕೆ ಹಾಕಿಸಿದ್ದಾನೆ.

ಆಮೇಲೆ ಜೋರು ಮಾಡಿದಾಗಲೂ ಅದೇ ಕಥೆ, ಕೆಂಪಾದ ಪೈಪು ಬಿರುಕು ಬಿಟ್ಟಿತು. ವೆಲ್ಡಿಂಗಿನವರಿಗೆ ಕೊಟ್ಟು ಬಂದೆವು. ಆ ಪೈಪನ್ನು ಸುಟ್ಟದ್ದು ನಾನು, ನನ್ನ ಮುಖ.

ಮಾರ್ಚ್ ೨೩, ಭಾನುವಾರ

ಊಟ ಸೇರಲಿಲ್ಲ.

ಮಾರ್ಚ್ ೨೪, ಸೋಮವಾರ

ಒಂದು ದಾರಿ ಹೊಳೆದಿದೆ. ಅಣ್ಣನಿಗೆ ಏನೂ ಹೇಳುವುದೇ ಬೇಡ. ನನ್ನ ಕಿವಿ ಗಟ್ಟಿಯಾಗಿದೆ ಎಂದು ಡಾಕ್ಟರಮ್ಮನೇ ಹೇಳಿದ್ದಾರಲ್ಲ. ಮುಖವನ್ನು ಹತೋಟಿಯಲ್ಲಿಟ್ಟುಕೊಂಡರಾಯಿತು. ನಿಜವಾಗಿ ಕುಟ್ಟಿದಾಗ ಮಾತ್ರ ಹುಬ್ಬು ಗಂಟಿಕ್ಕುವುದು, ಮಿಕ್ಕ ಹೊತ್ತು ಸಪಾಟು. ಅಣ್ಣನ ಮಾನವೂ ಉಳಿಯುತ್ತದೆ, ಪಿಸ್ಟನ್ನೂ ಉಳಿಯುತ್ತದೆ. ಪಟಾಕಿಯೂ.

ಕನ್ನಡಿ ಮುಂದೆ ಅಭ್ಯಾಸ ಮಾಡಿದೆ. ನನ್ನ ಮುಖ ಇಷ್ಟೊಂದು ಗಂಟು ಎಂದು ನನಗೇ ಗೊತ್ತಿರಲಿಲ್ಲ. ಹಣೆಯನ್ನು ಸಡಿಲ ಬಿಟ್ಟರೆ ತುಟಿ ಬಿಗಿಯುತ್ತದೆ, ತುಟಿಯನ್ನು ಬಿಟ್ಟರೆ ಹುಬ್ಬು ಏರುತ್ತದೆ. ಸ್ವಲ್ಪ ನಕ್ಕ ಹಾಗೆ ಇಟ್ಟುಕೊಂಡರೆ ಎಲ್ಲಾ ಒಟ್ಟಿಗೆ ನಿಲ್ಲುತ್ತದೆ ಎಂದು ಕಂಡುಕೊಂಡೆ. ಮನೆಯವರು ಕೋಣೆಗೆ ಬಂದವರು ನನ್ನನ್ನು ನೋಡಿ ಅಲ್ಲೇ ನಿಂತರು.

"ಏನಾಯ್ತೇ? ಹುಷಾರಾಗಿದೀಯ ತಾನೇ?"

ಮಾರ್ಚ್ ೨೬, ಬುಧವಾರ

ಮೂರನೆಯ ಸಲ ರೋಲರಿನ ಮೇಲೆ. ಕನ್ನಡಿಯ ಮುಂದೆ ಕಲಿತ ಮುಖವನ್ನು ಹಾಕಿಕೊಂಡು ನಿಂತೆ.

ಮೊದಮೊದಲು ಎಷ್ಟು ಚೆನ್ನಾಗಿ ನಡೆಯಿತೆಂದರೆ! ಅಣ್ಣ ಮುಂದಕ್ಕೆ ಎಂದ, ನಾನು ಸಪಾಟು. ಮತ್ತೆ ಮುಂದಕ್ಕೆ, ಸಪಾಟು. ಗೆರೆ ಏರಿತು, ಏರಿತು, ಹಿಂದೆಂದೂ ಕಾಣದಷ್ಟು ಮೇಲೆ ಹೋಯಿತು. ಪೈಪು ಕೆಂಪಾಗಲಿಲ್ಲ. ಅಣ್ಣನ ಮುಖದಲ್ಲಿ ಹಳೇ ನಗು ಬಂತು. ಆ ನಗು ನೋಡಿ ನನ್ನ ಕಣ್ಣು ತುಂಬಿ ಬಂತು, ಅದನ್ನೂ ತಡೆದುಕೊಂಡೆ. ಅಣ್ಣ ಇನ್ನೊಂದು ಸಲ ಮುಂದಕ್ಕೆ ಎಂದ.

ಆಗ ಕುಟ್ಟಿತು.

ನನಗೆ ಕೇಳಿಸಿತು. ಸ್ಪಷ್ಟವಾಗಿ, ಲೋಟದಲ್ಲಿ ಗೋಲಿ. ಮುಖಕ್ಕೆ ಗಂಟಿಕ್ಕು ಎಂದೆ, ಅದು ಗಂಟಿಕ್ಕಲಿಲ್ಲ. ಎರಡು ದಿನದಿಂದ ಗಂಟಿಕ್ಕಬೇಡ ಎಂದು ಹೇಳಿಸಿಕೊಂಡ ಮುಖ, ನಕ್ಕ ಹಾಗೇ ಕೂತಿತು. ಕೈ ಎತ್ತಬೇಕೆಂದು ಹೊಳೆಯಲಿಲ್ಲ. ಕೂಗಿದರೆ ಯಾರಿಗೆ ಕೇಳಬೇಕು? ಅಣ್ಣ ನನ್ನ ನಗುಮುಖ ನೋಡಿ ಇನ್ನೊಂದು ಸಲ ಮುಂದಕ್ಕೆ ಎಂದುಬಿಟ್ಟ.

ಗಾಜು ಏರಿಸಿಕೊಂಡು ಕೂತಿದ್ದ ಲ್ಯಾಪ್‌ಟಾಪ್ ಸಾಹೇಬರಿಗೇ ಕೇಳಿಸಿ, ಅವರೇ ಇಂಜಿನ್ ನಿಲ್ಲಿಸಿದರು. ಬಾಗಿಲು ತೆರೆದು ಓಡಿ ಬಂದರು.

"ಏನ್ ಸಾರ್, ಅಷ್ಟು ಜೋರಾಗಿ ಕುಟ್ತಿದೆ, ಮುಂದಕ್ಕೆ ಅಂತೀರಲ್ಲ!"

ಅಣ್ಣ ಅವರ ಮುಖ ನೋಡಿದ. ನನ್ನ ಮುಖ ನೋಡಿದ. ಸ್ಪ್ಯಾನರ್ ತೆಗೆದುಕೊಂಡು ಕಿಡಿ ಹಚ್ಚುವ ಪ್ಲಗ್ಗನ್ನು ಬಿಚ್ಚಿದ. ಪ್ಲಗ್ಗಿನ ಬಿಳಿ ಭಾಗದ ಮೇಲೆ ಬೆಳ್ಳಿ ಪುಡಿ ಉದುರಿಸಿದಂತೆ ಚುಕ್ಕೆಗಳಿದ್ದವು. ಅದು ಪಿಸ್ಟನ್ನಿನ ಲೋಹ. ಪ್ಲಗ್ಗಿನ ತೂತಿನೊಳಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡಿದೆವು. ಪಿಸ್ಟನ್ನಿನ ಅಂಚು ಸ್ವಲ್ಪ ತರಚಿತ್ತು, ಪುಣ್ಯಕ್ಕೆ ತೂತಾಗಿರಲಿಲ್ಲ, ಹಾಗೇ ಓಡಿಸಬಹುದಿತ್ತು.

ಆಮೇಲೆ ಅಣ್ಣ ಶೆಡ್ಡಿನ ಹಿಂದಿನ ಮೆಟ್ಟಿಲ ಮೇಲೆ ಹೋಗಿ ಕೂತ. ನಾನೂ ಹೋಗಿ ಕೂತೆ, ಎದುರಿಗೆ. ಪ್ಲಗ್ಗು ಅವನ ಕೈಯಲ್ಲೇ ಇತ್ತು.

"ಇವತ್ತು ನಿನ್ನ ಮುಖದಲ್ಲಿ ಏನೂ ಕಾಣಲಿಲ್ಲ."

"ಬೇಕಂತಲೇ ಹಾಗಿಟ್ಕೊಂಡಿದ್ದೆ."

"ಯಾಕೆ?"

"ನೀನು ಕುಟ್ಟೋ ಸದ್ದು ಕೇಳ್ತಿಲ್ಲ, ನನ್ನ ಮುಖ ನೋಡ್ತಿದೀಯ ಅಂತ ಗೊತ್ತಾಯ್ತು. ನಾನೋ ಸುಮ್‌ಸುಮ್ನೆ ಮುಖ ಕಿವುಚ್ತಾ ಇದ್ದೆ ಅಣ್ಣ. ಭಯಕ್ಕೆ. ಅದ್ಕೇ ಪೈಪು ಸುಟ್ಟಿದ್ದು."

ಅಣ್ಣ ಪ್ಲಗ್ಗಿನ ಮೇಲೆ ತಲೆ ಬಗ್ಗಿಸಿದ. ಅತ್ತೇಬಿಡುತ್ತಾನೇನೋ ಎಂದು ನನಗೆ ಜೀವವೇ ಹೋದಂತಾಯಿತು. ನೋಡಿದರೆ ಅವನ ಭುಜ ಅಲ್ಲಾಡುತ್ತಿತ್ತು. ನಗುತ್ತಿದ್ದ.

"ನಾನು ಇಂಜಿನ್ನೇ ದರಿದ್ರದ್ದು ಅಂದ್ಕೊಂಡಿದ್ದೆ ಕಣೇ. ಎಷ್ಟು ಹಿಂದಕ್ಕೆ ಇಟ್ರೂ ಕುಟ್ಟತ್ತಲ್ಲ ಅಂತ ತಲೆ ಕೆಟ್ಟುಹೋಗಿತ್ತು. ನಿದ್ದೆ ಇಲ್ಲ ನಂಗೆ."

ಆಮೇಲೆ ನಗು ನಿಂತಿತು. "ಇಂಜಿನ್ನಿನ ಗುಡುಗು ಕೇಳಿಸತ್ತೆ. ನೀನು ಹತ್ರ ಕೂತು ಮಾತಾಡಿದ್ರೆ ಕೇಳಿಸತ್ತೆ. ಆ ಗೋಲಿ ಸದ್ದು ಮಾತ್ರ ಹೋಗಿದೆ. ಹೋದ ಬೇಸಿಗೆಯಿಂದಾನೇ. ಯಾರಿಗೂ ಹೇಳ್ಬೇಡ."

"ಪಟಾಕಿಗೆ?"

ಅಣ್ಣ ಪ್ಲಗ್ಗಿನ ಮೇಲಿನ ಚುಕ್ಕೆಯನ್ನು ಉಗುರಿನಿಂದ ಕೆರೆದ, ಅದು ಹೋಗಲಿಲ್ಲ.

ಮಾರ್ಚ್ ೨೭, ಗುರುವಾರ

ಬೆಳಿಗ್ಗೆ ಅಣ್ಣ ನನಗಿಂತ ಮುಂಚೆ ಗ್ಯಾರೇಜಿನಲ್ಲಿದ್ದ. ಸಾದಾ ಡಬ್ಬಿಯನ್ನು ಬಿಚ್ಚಿ, ಒರೆಸಿ, ಅದು ಬಂದ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟಿದ್ದ. ಪಟಾಕಿ ಗೋಡೆಗೊರಗಿ ನಿಂತಿದ್ದಳು, ಮೂಗು ಕೆಂಪಾಗಿತ್ತು. ಹೇಳಿದ್ದಾನೆ ಎಂದು ಗೊತ್ತಾಯಿತು.

"ಅಪ್ಪನಿಗೆ ನಾನು ಹೋದ ವರ್ಷದಿಂದ ಬೈದಿರೋದೆಲ್ಲ ವೇಸ್ಟಾಯ್ತಲ್ಲ ಅತ್ತೆ" ಎಂದು ಮೂಗು ಒರೆಸಿಕೊಂಡಳು.

"ಅದೆಲ್ಲ ಕೇಳಿಸಿದೆ" ಎಂದ ಅಣ್ಣ.

ಆ ಡಾಕ್ಟರಮ್ಮ ಯಾವತ್ತು ಸಿಗುತ್ತಾರೆ ಎಂದು ತಾನಾಗಿಯೇ ಕೇಳಿದ. ಮಧ್ಯಾಹ್ನವೇ ಕರೆದುಕೊಂಡು ಹೋದೆ. ಅಷ್ಟು ವರ್ಷ ಇಂಜಿನ್ನುಗಳ ಪಕ್ಕ ನಿಂತದ್ದಕ್ಕೆ ಸಣ್ಣ, ಚೂಪು ಸದ್ದುಗಳನ್ನು ಹಿಡಿಯುವ ಶಕ್ತಿ ಹೋಗಿದೆ, ವಾಪಸ್ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬೇಕು ಎಂದರು. ಮಾತು ಕೇಳಲು ಒಂದು ಸಾಧನ ಬರೆದುಕೊಟ್ಟರು. ಅಣ್ಣ ಆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು, "ಹಾಗಾದ್ರೆ ಆ ಮೂರನೇ ಡಬ್ಬಿ ತರೋಣ ನಡಿ" ಎಂದ.

ನಾನಾಗಿದ್ದರೆ ಆಸ್ಪತ್ರೆಯ ಮೆಟ್ಟಿಲ ಮೇಲೇ ಕುಸಿದು ಕೂರುತ್ತಿದ್ದೆ.

ಮಾರ್ಚ್ ೩೦, ಭಾನುವಾರ

ಸೆನ್ಸರನ್ನು ಎಲ್ಲಿ ಬಿಗಿಯಬೇಕೆಂದು ಸಾಹೇಬರ ಕಾಗದದಲ್ಲಿ ಒಂದು ಜಾಗ ಇತ್ತು. ಅಣ್ಣ ಬೇಡ ಎಂದ. ಸ್ಕ್ರೂಡ್ರೈವರ್ ಇಟ್ಟು ಕೇಳುತ್ತಿದ್ದ ತನ್ನ ಹಳೇ ಜಾಗವನ್ನು ತೋರಿಸಿದ. "ಎಲ್ಲಾ ಪಿಸ್ಟನ್ನಿನ ಮಾತೂ ಇಲ್ಲಿಗೆ ಬರತ್ತೆ." ಅಲ್ಲೇ ಬಿಗಿದೆ. ಹೊಸದಾಗಿ ವೈರಿಂಗ್. ಒಂದು ಸಲ ಪರೀಕ್ಷೆ ಮಾಡಿದೆ, ಸರಿ ಇತ್ತು.

ಏಪ್ರಿಲ್ ೨, ಬುಧವಾರ

ಕಿವಿ ಇರುವ ಡಬ್ಬಿ ತಂದರೆ ಎಲ್ಲಾ ಮುಗಿಯಿತು ಎಂದುಕೊಂಡಿದ್ದೆ. ಅದಕ್ಕೆ ಕಿವಿ ಇದೆಯೇ ಹೊರತು ತಿಳಿವಳಿಕೆ ಇಲ್ಲ. ಇಂಜಿನ್ನಿನೊಳಗೆ ಏನು ಸದ್ದಾದರೂ, ವಾಲ್ವ್ ಟಕ್ ಎಂದರೂ, ಕುಟ್ಟುತ್ತಿದೆ ಎಂದು ಕಿಡಿಯನ್ನು ಹಿಂದಕ್ಕೆ ಹಾಕುತ್ತದೆ. ಗೆರೆ ಮೇಲೇಳುವುದಿಲ್ಲ.

"ಈ ಡಬ್ಬಿಗೆ ಗಾಬರಿ ಜಾಸ್ತಿ" ಎಂದರು ಸಾಹೇಬರು. "ಯಾವ್ದು ಮಾಮೂಲು ಸದ್ದು, ಯಾವ್ದು ಕುಟ್ಟೋದು ಅಂತ ನಾವೇ ಕಲಿಸ್ಬೇಕು."

"ನಮ್ಮನೇಲೂ ಒಂದಿದೆ, ಅಭ್ಯಾಸ ಆಗಿದೆ ನಮ್ಗೆ" ಎಂದ ಅಣ್ಣ. ಸಾಹೇಬರು ನಗಬೇಕೋ ಬೇಡವೋ ಎಂದು ನನ್ನನ್ನು ನೋಡಿದರು. ನಾನೇ ನಕ್ಕುಬಿಟ್ಟೆ.

ಸೆನ್ಸರಿಗೆ ಬರುವ ಸದ್ದನ್ನು ಹೆಡ್‌ಫೋನಿನಲ್ಲಿ ಕೇಳಬಹುದು. ಅದನ್ನು ಅಣ್ಣ ತಾನೇ ನನ್ನ ಕಿವಿಗೆ ಹಾಕಿದ. ಅಭ್ಯಾಸ ಬಲದಿಂದ ನಾನು ಅವನೆದುರಿಗೆ ಹೋಗಿ ನಿಂತೆ. ಅವನು ನನ್ನ ಭುಜ ಹಿಡಿದು ಗೋಡೆಯ ಕಡೆಗೆ ತಿರುಗಿ ನಿಲ್ಲಿಸಿದ.

"ಕುಟ್ಟಿದ್ರೆ ಕೈ ಎತ್ತು, ಸಾಕು. ಮುಖ ನಿಂದು, ನೀನೇ ಇಟ್ಕೋ."

ಇಂಜಿನ್ ಎಲ್ಲಿ ಕುಟ್ಟಬಹುದು ಎಂಬುದು ಅಣ್ಣನಿಗೆ ಅಂಗೈಯಷ್ಟೇ ಚೆನ್ನಾಗಿ ಗೊತ್ತು. ಪರದೆಯ ಮೇಲೆ ಬೆರಳಿಟ್ಟು "ಇಲ್ಲಿ ನಿಧಾನ, ಇಲ್ಲಿ ಬರತ್ತೆ" ಎನ್ನುತ್ತಿದ್ದನಂತೆ. ಅಲ್ಲೇ ನನ್ನ ಕೈ ಮೇಲೇಳುತ್ತಿತ್ತಂತೆ. ಕುಟ್ಟಿದ ಮರುಕ್ಷಣ ಸಾಹೇಬರು ಆಕ್ಸಿಲರೇಟರ್ ಬಿಟ್ಟುಬಿಡುತ್ತಿದ್ದರು. ಡಬ್ಬಿ ಸುಮ್ಮನೆ ಹೆದರಿದಾಗ ನನ್ನ ಕೈ ಕೆಳಗೇ ಇರುತ್ತಿತ್ತು, ಇದು ಹೆದರುವ ಸದ್ದಲ್ಲ ಎಂದು ಅದಕ್ಕೆ ಹೇಳಿಕೊಡುತ್ತಿದ್ದರು. ನಾನು ಇದೊಂದನ್ನೂ ನೋಡಲಿಲ್ಲ. ನನ್ನ ಎದುರಿಗಿದ್ದದ್ದು ಸುಣ್ಣ ಎದ್ದ ಗೋಡೆ, ಅದರ ಮೇಲೆ ಒಂದು ಹಲ್ಲಿ. ನನ್ನ ಮುಖ ಏನು ಮಾಡುತ್ತಿತ್ತೋ ಆ ಹಲ್ಲಿಗೇ ಗೊತ್ತು.

ಸಂಜೆಗೆ ಗೆರೆ ಏರಿತು. ಪೈಪು ತಣ್ಣಗಿತ್ತು.

ಏಪ್ರಿಲ್ ೬, ಭಾನುವಾರ

ನಾವು ಎರಡನೇ ತಿರುವಿನ ಮೇಲೆ, ಹಗ್ಗ ಕಟ್ಟಿದ ಜಾಗದಲ್ಲಿ ನಿಂತಿದ್ದೆವು. ಅಲ್ಲಿ ರಸ್ತೆ ಕಡಿದಾಗಿ ಏರುತ್ತದೆ, ಇಂಜಿನ್ನಿನ ಮೇಲೆ ಭಾರ ಬೀಳುವುದೇ ಅಲ್ಲಿ. ಸುತ್ತ ಬೇರೆ ಗ್ಯಾರೇಜಿನವರು, ಅಣ್ಣನನ್ನು ಬಲ್ಲವರೇ ಎಲ್ಲಾ. "ಏನ್ ಸಾರ್, ಹೇಗಿದೆ ಇಂಜಿನ್? ಇಲ್ಲಿಂದ್ಲೇ ಕೇಳಿ ಹೇಳ್ತೀರಾ?" ಎಂದು ಒಬ್ಬರು ತಮಾಷೆ ಮಾಡಿದರು.

ಕೆಳಗೆ ಬಾವುಟ ಬಿತ್ತು. ಪಟಾಕಿ ಹೊರಟಳು. ಮೊದಲು ಗುಡುಗು ಬಂತು, ಆಮೇಲೆ ಕಾರು.

ಅಣ್ಣ ರಸ್ತೆಯ ಮೇಲಿನ ಕಣ್ಣು ತೆಗೆಯದೆ, ಎಲ್ಲರಿಗೂ ಕೇಳುವಷ್ಟು ಜೋರಾಗಿ ಹೇಳಿದ: "ನಂಗೆ ಒಳಗಿನ ಸದ್ದು ಕೇಳಿಸಲ್ಲ. ನೀನು ಕೇಳಿ ಹೇಳು."

ಅಕ್ಕಪಕ್ಕದವರು ತಿರುಗಿ ನೋಡಿದರು. ನಾನು ಹೇಳತೊಡಗಿದೆ. ಬಂದ್ಲು. ಗೇರ್ ಇಳಿಸಿದ್ಲು. ಪೂರ್ತಿ ತುಳಿದಿದಾಳೆ. ಟರ್ಬೊ ಎದ್ದಿದೆ. ಕಾರು ನಮ್ಮ ಮುಂದೆಯೇ ಏರು ಹತ್ತಿ, ತಿರುಗಿ, ಬಂಡೆಯ ಹಿಂದೆ ಮರೆಯಾಯಿತು.

"ಕುಟ್ತಾ?"

"ಇಲ್ಲ."

ಅವನು ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ಕಿಡಿಯನ್ನು ಹಿಂದಕ್ಕೆ ಹಾಕಿಸುತ್ತಿದ್ದ, ಏಕೆಂದರೆ ನಾನು ಗಳಗಳ ಅಳುತ್ತಿದ್ದೆ. "ಹ್ಞೂ" ಎಂದು ಬಂಡೆಯ ಕಡೆಗೇ ನೋಡುತ್ತಾ ನಿಂತ.

ಪಟಾಕಿ ಗೆಲ್ಲಲಿಲ್ಲ, ನಡುವೆ ಎಲ್ಲೋ ಬಂದಳು. ಡಬ್ಬಿ ದಾರಿಯುದ್ದಕ್ಕೂ ಒಂದು ಸಲವೂ ಹೆದರಲಿಲ್ಲವಂತೆ. ಕಾರನ್ನು ಗ್ಯಾರೇಜಿನಲ್ಲಿ ಬಿಟ್ಟು, ಮಾತಾಡುತ್ತಾ ಮೂವರೂ ನಮ್ಮ ಮನೆಯವರೆಗೆ ನಡೆದುಕೊಂಡೇ ಬಂದೆವು.

"ಬೀಗ ಹಾಕಿದ್ಯಾ?" ಎಂದು ಕೇಳಿದರು ಮನೆಯವರು, ಕೀಟಲೆಗೆ.

"ಹಾಕಿರ್ಬೇಕು" ಎಂದು ಒಳಗೆ ಹೋಗಿ ಟೀಗೆ ನೀರಿಟ್ಟೆ.